ಬೇಸಿಗೆ ರಜೆಯ ಬೆಂಗಳೂರು: ಮಕ್ಕಳನ್ನೂ ಅತ್ತೆಯವರನ್ನೂ ಎಲ್ಲಿಗೆ ಕರೆದುಕೊಂಡು ಹೋಗಲಿ?

ಕೇಳಿದವರು, ಬನಶಂಕರಿಯಿಂದ

ಕಳೆದ ಜೂನ್‌ನಲ್ಲಿ ಧಾರವಾಡದಿಂದ ಬೆಂಗಳೂರಿಗೆ ಬಂದವರು ನಾವು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಆರು. ಊರಿನಲ್ಲಿದ್ದಾಗ ರಜೆ ಎಂದರೆ ಅಜ್ಜನ ಮನೆ, ಮಾವಿನ ತೋಟ. ಏನು ಮಾಡಿಸುವುದೆಂದು ಯೋಚಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಈ ಸಲ ರಜೆ ಪೂರ್ತಿ ಇಲ್ಲಿಯೇ. ಬೇಸಿಗೆ ಶಿಬಿರಗಳ ಶುಲ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅತ್ತೆಯವರಿಗೆ ಮೊಣಕಾಲು ನೋವು, ಆದರೆ ಸಂಗೀತ, ನಾಟಕ ಎಂದರೆ ಪ್ರಾಣ. ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಹಾಡು ಕೇಳಿ ಬೆಳೆದ ಕಿವಿ ಅವರದು. ಮಾಲ್ ಬೇಡ. ಮನೆಮಂದಿಯೆಲ್ಲ ಕೂಡಿ ಹೋಗುವಂಥದ್ದು ಏನಿದೆ? ಹೋಗಿ ಬಂದವರು ದಯವಿಟ್ಟು ಅನುಭವ ಹೇಳಿ. ರಾಮನವಮಿ ಹತ್ತಿರ ಬಂತಲ್ಲ, ಅಲ್ಲಿಂದಲೇ ಶುರುಮಾಡಬೇಕೆಂದಿದ್ದೇನೆ.

ಚಾಮರಾಜಪೇಟೆಯಿಂದ, ನಿವೃತ್ತ ಶಿಕ್ಷಕಿ

ತಂಗಿ, ರಾಮನವಮಿಯಿಂದಲೇ ಶುರುಮಾಡು. ಬೆಂಗಳೂರಿನ ಬೇಸಿಗೆಗೆ ಅದೇ ಹೆಬ್ಬಾಗಿಲು. ನಾನು ಈ ಪೇಟೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತು, ಒಂದು ಬೇಸಿಗೆಯೂ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ಹೋಗದೆ ಕಳೆದಿಲ್ಲ. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವ ಅದು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಚಪ್ಪರ. ಒಂದೆರಡು ದಿನದಲ್ಲಿ ಮುಗಿಯುವಂಥದ್ದಲ್ಲ, ತಿಂಗಳು ಪೂರ್ತಿ ಸಂಜೆಸಂಜೆ ಕಚೇರಿ. ಕರ್ನಾಟಕ ಸಂಗೀತವೇ ಹೆಚ್ಚು, ಹಿಂದೂಸ್ತಾನಿಯೂ ಇರುತ್ತದೆ, ನಿನ್ನ ಅತ್ತೆಯವರಿಗೆ ಬೇಸರವಾಗುವುದಿಲ್ಲ. ಟಿಕೆಟ್ ಇಡುವ ಕಚೇರಿಗಳೂ ಇವೆ, ಆ ವರ್ಷದ ಪಟ್ಟಿ ಬಂದ ಕೂಡಲೇ ವಿಚಾರಿಸಿಕೊಳ್ಳಬೇಕು. ನೆಲದ ಮೇಲೆ ಕೂರಬೇಕಾಗಿಲ್ಲ, ಕುರ್ಚಿ ಇರುತ್ತದೆ. ಮೊಣಕಾಲು ನೋವಿನವರಿಗೆ ಅದು ದೊಡ್ಡ ಮಾತು. ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ, ಕಾಲು ಚಾಚಬಹುದು, ನಡುವೆ ಎದ್ದು ಬರಬಹುದು.

ಆರು ವರ್ಷದ ಹುಡುಗ ಎರಡೂವರೆ ಗಂಟೆ ಕೂರುತ್ತಾನೆಯೇ ಎಂದು ಕೇಳುತ್ತೀಯ. ಕೂರುವುದಿಲ್ಲ. ಕೂರಿಸಲೂ ಬೇಡ. ನಾನು ಮೊಮ್ಮಗನಿಗೆ ಮಾಡಿದ್ದು ಹೇಳುತ್ತೇನೆ. ಹೋಗುವ ಮೊದಲು ಮನೆಯಲ್ಲಿಯೇ ಆದಿ ತಾಳ ಹಾಕುವುದನ್ನು ಕಲಿಸಿದೆ. ತೊಡೆಯ ಮೇಲೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಅಲ್ಲಿಗೆ ನಾಲ್ಕು. ಮತ್ತೆ ಪೆಟ್ಟು, ಅಂಗೈ ತಿರುಗಿಸಿ ವೀಸು, ಪೆಟ್ಟು, ವೀಸು; ಅಲ್ಲಿಗೆ ಎಂಟು. ಕಚೇರಿಯಲ್ಲಿ ಅವನ ಕೆಲಸ ಇಷ್ಟೇ: ಮುಂದಿನ ಸಾಲಿನ ತಾತನ ಕೈ ನೋಡಿಕೊಂಡು ತಾಳ ತಪ್ಪದೆ ಹಾಕುವುದು. ಮುಕ್ಕಾಲು ಗಂಟೆ ಮಿಸುಕಾಡಲಿಲ್ಲ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಓಡಾಡಿಸಿ, ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನಕ್ಕೆ ಸರಿಯಾಗಿ ಒಳಗೆ ಕರೆತಂದೆ. ಘಟದವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಹಿಡಿದು ನುಡಿಸಿದಾಗ ಅವನು ಕುರ್ಚಿಯ ಮೇಲೆ ಎದ್ದು ನಿಂತ. ಮಕ್ಕಳಿಗೆ ಪೂರ್ತಿ ಕಚೇರಿ ಬೇಡ. ಹಿಡಿದುಕೊಳ್ಳಲು ಒಂದು ಕೊಂಡಿ ಕೊಟ್ಟರೆ ಸಾಕು.

ಹಬ್ಬದ ದಿನ ಬೆಳಿಗ್ಗೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ, ಯಾವ ಬೀದಿಯಾದರೂ ಸರಿ, ಮಕ್ಕಳ ಕೈ ಹಿಡಿದು ನಡೆಯಿರಿ. ಮೂಲೆಮೂಲೆಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ಕರಬೂಜದ ಪಾನಕಕ್ಕೆ ಏಲಕ್ಕಿ ಬಿದ್ದ ಪರಿಮಳ ಬೀದಿಯ ತಿರುವಿಗೇ ಬಡಿಯುತ್ತದೆ. ಮನೆಯಿಂದ ನಾಲ್ಕು ಲೋಟ ಒಯ್ಯಿರಿ, ಕಾಗದದ ಲೋಟ ರಾಶಿ ಬೀಳುವುದು ಅಷ್ಟಾದರೂ ತಪ್ಪುತ್ತದೆ. ಸಾಧ್ಯವಾದರೆ ಹತ್ತಿರದ ದೇವಸ್ಥಾನದಲ್ಲಿ ಕೇಳಿ, ಮಗಳನ್ನು ಹಂಚುವ ಕಡೆ ನಿಲ್ಲಿಸಿ. ಕೊಡುವ ಕೈಯಾಗಿ ಒಂದು ಗಂಟೆ ನಿಂತ ಹುಡುಗಿಗೆ ಆ ಬೀದಿ ಪರಕೀಯ ಅನ್ನಿಸುವುದಿಲ್ಲ. ಹೊಸ ಊರಿಗೆ ಬಂದ ಮಕ್ಕಳಿಗೆ ಬೇಕಾದದ್ದು ಅದೇ, ತಂಗಿ. ಹತ್ತು ಕಡೆ ಸುತ್ತಿಸಬೇಡ. ಒಂದೇ ಜಾಗಕ್ಕೆ ನಾಲ್ಕು ಸಲ ಕರೆದುಕೊಂಡು ಹೋಗು. ಹೂ ಮಾರುವವಳು, ಕಾವಲುಗಾರ, ಪಕ್ಕದ ಕುರ್ಚಿಯ ಅಜ್ಜಿ, ಯಾರಾದರೂ ಒಬ್ಬರು ಗುರುತು ಹಿಡಿದು “ಬಂದೆಯಾ?” ಎಂದು ಕೇಳುವಂತಾಗಬೇಕು.

ಜೆ.ಪಿ. ನಗರದಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ

ನಾಟಕಕ್ಕೆ ರಂಗಶಂಕರ ನಿಮ್ಮ ಮನೆಗೆ ಹತ್ತಿರ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ರಂಗಮಂದಿರ, 2004ರಲ್ಲಿ ತೆರೆದದ್ದು. ಅಲ್ಲಿ ಒಂದು ನಿಯಮ ಕಟ್ಟುನಿಟ್ಟು: ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಒಮ್ಮೆ ನಾವು ಎರಡು ನಿಮಿಷ ತಡವಾಗಿ ಹೋಗಿ, ಕೈಯಲ್ಲಿ ಟಿಕೆಟ್ ಇಟ್ಟುಕೊಂಡು ಹೊರಗೆ ನಿಂತಿದ್ದೆವು. ಮಕ್ಕಳು ಅತ್ತರು. ನನಗೂ ಆಗ ಸಿಟ್ಟು ಬಂದಿತ್ತು. ಮುಂದಿನ ವಾರ ಸಮಯಕ್ಕೆ ಸರಿಯಾಗಿ ಹೋಗಿ ಒಳಗೆ ಕೂತಾಗ ಆ ನಿಯಮದ ಬೆಲೆ ತಿಳಿಯಿತು: ದೀಪ ಆರಿತು, ಯಾರೂ ಕಾಲು ತುಳಿದುಕೊಂಡು ಬರಲಿಲ್ಲ, ಒಂದು ಮೊಬೈಲೂ ಮಿನುಗಲಿಲ್ಲ. ಆ ಕತ್ತಲೆಯಲ್ಲಿ ಚಿಕ್ಕವಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅರ್ಧ ಗಂಟೆ ಮುಂಚೆ ಹೋಗಿ, ಕೆಫೆಯಲ್ಲಿ ಏನಾದರೂ ತಿನ್ನಿಸಿ, ಶೌಚಾಲಯಕ್ಕೆ ಕಳುಹಿಸಿ, ಆಮೇಲೆ ಒಳಗೆ ಹೋಗಿ. ಎಲ್ಲ ನಾಟಕವೂ ಚಿಕ್ಕ ಮಕ್ಕಳಿಗಲ್ಲ, ವಯಸ್ಸಿನ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ‘ಆಹಾ’ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿಯೇ ನಾಟಕಗಳನ್ನು ಆಡಿಸುತ್ತಾರೆ. ಸೋಮವಾರ ರಜೆ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಶುರುವಾದ ರಂಗ ಶಿಬಿರಗಳು ಮೇ ತಿಂಗಳಲ್ಲಿ ಮುಗಿಯುವಾಗ ಮಕ್ಕಳ ಕೈಯಲ್ಲಿ ನಾಟಕ ಆಡಿಸುತ್ತವೆ. ರವೀಂದ್ರ ಕಲಾಕ್ಷೇತ್ರದ ಸುತ್ತಮುತ್ತ, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ವಿಚಾರಿಸಿ. ಬಹಳಷ್ಟು ಕಡೆ ಪ್ರವೇಶಕ್ಕೆ ದುಡ್ಡಿಲ್ಲ. ತನ್ನ ವಯಸ್ಸಿನ ಹುಡುಗಿ ಮೀಸೆ ಅಂಟಿಸಿಕೊಂಡು ರಾಜನಾಗಿ ನಿಂತದ್ದನ್ನು ನೋಡಿದರೆ ನಿಮ್ಮ ಮಗಳೇ ಮುಂದಿನ ವರ್ಷ ಸೇರಿಸಿ ಎನ್ನುತ್ತಾಳೆ. ಆಗ ಶುಲ್ಕ ಕೊಡುವುದಕ್ಕೂ ಒಂದು ಅರ್ಥ ಬರುತ್ತದೆ.

ವಿಜಯನಗರದಿಂದ, ಒಬ್ಬ ತಂದೆ

ಶಿಬಿರದ ವಿಷಯದಲ್ಲಿ ನನ್ನದು ಕಹಿ ಅನುಭವ. ಮನೆಯ ಹತ್ತಿರದ ಒಂದು ಕಡೆ ಮೂರು ವಾರಕ್ಕೆ ಪೂರ್ತಿ ಹಣ ಕಟ್ಟಿಸಿಕೊಂಡರು. ಕುಂಬಾರಿಕೆ, ಜನಪದ ಹಾಡು, ತೋಟಗಾರಿಕೆ ಎಂದಿದ್ದರು. ಮಗ ಮನೆಗೆ ತಂದದ್ದು ಮೂರು ಬಣ್ಣ ತುಂಬಿದ ಹಾಳೆ. ಉಳಿದ ಹೊತ್ತು ಟಿವಿ ಹಾಕಿ ಕೂರಿಸಿದ್ದರಂತೆ. ಹಣ ವಾಪಸ್ ಬರಲಿಲ್ಲ. ಆದ್ದರಿಂದ ಸೇರಿಸುವ ಮುನ್ನ ಒಂದು ದಿನ ಮಕ್ಕಳ ಜೊತೆ ಹೋಗಿ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡದವರನ್ನು ಬಿಟ್ಟುಬಿಡಿ. ಕಬ್ಬನ್ ಪಾರ್ಕಿನ ಬಾಲಭವನದವರೂ ಬೇಸಿಗೆ ಶಿಬಿರ ನಡೆಸುತ್ತಾರೆ, ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಆ ವರ್ಷ ಉಳಿದ ರಜೆಯನ್ನು ನಾವು ಕಬ್ಬನ್ ಪಾರ್ಕಿನಲ್ಲಿಯೇ ಕಳೆದೆವು. ಭಾನುವಾರ ಅಲ್ಲಿ ವಾಹನ ಬಿಡುವುದಿಲ್ಲ, ಆರು ವರ್ಷದವನ ಕೈ ಬಿಟ್ಟು ನಡೆಯಬಹುದಾದ ರಸ್ತೆ ಈ ಊರಿನಲ್ಲಿ ಇನ್ನೆಲ್ಲಿದೆ? ಮೆಟ್ರೊ ಇಳಿದರೆ ಪಾರ್ಕು. ಶನಿವಾರ ಬೆಳಿಗ್ಗೆ ‘ಕಬ್ಬನ್ ರೀಡ್ಸ್’ ಎಂದು ಒಂದಷ್ಟು ಜನ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುತ್ತಾರೆ. 2023ರಲ್ಲಿ ಶುರುವಾದದ್ದು; ಹೆಸರು ಬರೆಸಬೇಕಾಗಿಲ್ಲ, ಮಾತನಾಡಿಸಬೇಕಾಗಿಲ್ಲ, ನಿಮ್ಮ ಪುಸ್ತಕ ನೀವು ತಂದು ಕೂತರಾಯಿತು. ನಿಮ್ಮ ಹನ್ನೊಂದರ ಹುಡುಗಿಗೆ ಹೇಳಿ ಮಾಡಿಸಿದಂತಿದೆ. ಚಿಕ್ಕವನಿಗೆ ಗುಲ್‌ಮೊಹರ್ ಮರದ ಬುಡ ತೋರಿಸಿ. ಬಿದ್ದ ಮೊಗ್ಗು ಬಿಡಿಸಿ, ಒಳಗಿನ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆಯುವುದು. ಯಾರ ತಲೆ ಕಳಚಿತೋ ಅವರು ಸೋತಂತೆ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಆಟ, ಮಗ ಅದರಲ್ಲಿ ಇಡೀ ಬೆಳಿಗ್ಗೆ ಕಳೆದ.

ಮಧ್ಯಾಹ್ನದ ಬಿಸಿಲಿಗೆ ಒಳಗೆ ಕೂರುವ ಜಾಗ ಬೇಕೆಂದರೆ ತಾರಾಲಯ, ಕನ್ನಡದಲ್ಲಿಯೂ ಪ್ರದರ್ಶನ ಇರುತ್ತದೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಹಳೆಯ ಮಾಣಿಕ್ಯವೇಲು ಬಂಗಲೆ, ದೊಡ್ಡ ದೊಡ್ಡ ಮರಗಳು. ಅತ್ತೆಯವರನ್ನು ನೆರಳಿನಲ್ಲಿ ಕೂರಿಸಿ ಮಕ್ಕಳಿಗೆ ಚಿತ್ರ ತೋರಿಸಬಹುದು. ಎರಡೂ ಕಡೆ ಸೋಮವಾರ ಬೀಗ. ಸಂಜೆಗೆ ಕೊಡೆ ಮರೆಯಬೇಡಿ. ಅಶ್ವಿನಿ, ಭರಣಿ ಮಳೆ ಇಲ್ಲಿ ನಾಲ್ಕು ಗಂಟೆಯ ಮೇಲೆ ಗುಡುಗಿಕೊಂಡೇ ಬರುತ್ತದೆ.

ನಗರ್ತಪೇಟೆಯಿಂದ

ಕರಗದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ, ಅಂದರೆ ತಲೆಯ ಮೇಲೆ ಹೊರುವ ಹೂವಿನ ಗೋಪುರ, ಮೆರವಣಿಗೆ ಹೊರಡುತ್ತದೆ. ನಮ್ಮ ಪೇಟೆಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಗುಡಿಯ ಬಾಗಿಲಿಗೆ ಮಕ್ಕಳನ್ನೂ ಮೊಣಕಾಲು ನೋವಿನವರನ್ನೂ ತರಬೇಡಿ, ಖಂಡಿತ ಬೇಡ. ಕರಗ ಹೊರಬೀಳುವ ಗಳಿಗೆಯಲ್ಲಿ ಜನ ಅಲೆಯಂತೆ ನುಗ್ಗುತ್ತಾರೆ. ಪೇಟೆಯಲ್ಲಿ ಪರಿಚಯದವರ ಮನೆಯ ಜಗಲಿಯೋ ಮಹಡಿಯೋ ಸಿಕ್ಕರೆ ಮಾತ್ರ ಬನ್ನಿ. ಮಲ್ಲಿಗೆಯ ಗೋಪುರ ಹೊತ್ತವರು, ಕತ್ತಿ ಹಿಡಿದ ವೀರಕುಮಾರರು, “ಗೋವಿಂದಾ” ಎಂಬ ಕೂಗು ಎಲ್ಲ ಒಟ್ಟಿಗೆ ನಿಮ್ಮ ಕಣ್ಣ ಕೆಳಗೇ ಹಾದು ಹೋಗುತ್ತದೆ, ಬೀದಿಯಲ್ಲಿ ಹೂವಿನ ವಾಸನೆ ಬೆಳಗಿನವರೆಗೂ ನಿಲ್ಲುತ್ತದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿಯೇ ಮುಂದೆ ಸಾಗುವುದು; ಮಕ್ಕಳಿಗೆ ಅದನ್ನು ತಪ್ಪದೆ ಹೇಳಿ. ಕಂಠೀರವ ಕ್ರೀಡಾಂಗಣದ ಪಕ್ಕ ಸಂಪಂಗಿ ಕೆರೆಯಲ್ಲಿ ಉಳಿದಿರುವ ಚಿಕ್ಕ ಕೊಳವನ್ನೂ ತೋರಿಸಿ. ಕೆರೆ ಕ್ರೀಡಾಂಗಣವಾಯಿತು, ಆದರೂ ಕರಗದ ವಿಧಿಗೆ ಆ ನೀರು ಬೇಕೇ ಬೇಕು.

ಜಯನಗರದಿಂದ

ಮೇ ಕೊನೆಯ ಹೊತ್ತಿಗೆ ಲಾಲ್‌ಬಾಗಿನಲ್ಲಿ ಮಾವಿನ ಮೇಳ ಹಾಕಿದರೆ ಬಿಡಬೇಡಿ. ಬೆಳೆದವರೇ ತಂದು ಮಾರುತ್ತಾರೆ. ಬಾದಾಮಿ, ರಸಪುರಿ, ಮಲಗೋವ, ಸೇಂದೂರ, ಗೋಲಿಯಷ್ಟಕ್ಕಿಂತ ತುಸು ದೊಡ್ಡದಾದ ಸಕ್ಕರೆಗುತ್ತಿ. ಧಾರವಾಡದ ಆಪೂಸಿನವರಾದ ನೀವು ಒಪ್ಪಲಿಕ್ಕಿಲ್ಲ, ಆದರೂ ರಸಪುರಿಯ ಶೀಕರಣೆ ಒಮ್ಮೆ ಮಾಡಿ ನೋಡಿ. ಬಿಎಂಟಿಸಿ ಸಾಧಾರಣ ಬಸ್ಸಿನಲ್ಲಿ ನಿಮಗೂ ಅತ್ತೆಯವರಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಜೊತೆಗಿರಲಿ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಕೋಟೆ ಶಾಲೆಯ ಮೈದಾನಕ್ಕೆ ಎರಡು ಸಲ ಹೋಗಿ ಬಂದೆವು. ಶಿಕ್ಷಕಿಯಮ್ಮ ಹೇಳಿದಂತೆ ಮಗನಿಗೆ ಆದಿ ತಾಳ ಕಲಿಸಿಯೇ ಕರೆದುಕೊಂಡು ಹೋಗಿದ್ದೆ. ಅತ್ತೆಯವರು ಅಭ್ಯಾಸಬಲದಿಂದ ತೊಡೆಯ ಮೇಲೆ ಹಿಂದೂಸ್ತಾನಿಯ ತೀನ್‌ತಾಲದ ಹದಿನಾರು ಮಾತ್ರೆ ಎಣಿಸಿಕೊಳ್ಳುತ್ತಿದ್ದರು. ಇವನು ಅವರ ಕೈ ಹಿಡಿದು, “ಅಜ್ಜಿ, ಇಲ್ಲಿ ಎಂಟೇ” ಎಂದು ಒಂದೊಂದೇ ಬೆರಳು ಮಡಿಸಿ ತೋರಿಸಿದ. ಎರಡನೆಯ ಸಂಜೆ ಕೊನೆಯ ಕುರ್ಚಿಯ ಪಕ್ಕ, ಮೊದಲ ಸಂಜೆ ನಮ್ಮ ಪಕ್ಕದಲ್ಲಿದ್ದ ಹಿರಿಯರೇ ಕೂತಿದ್ದರು. ನಮ್ಮನ್ನು ಕಂಡು, ಸೀಟಿನ ಮೇಲಿಟ್ಟಿದ್ದ ತಮ್ಮ ಚೀಲವನ್ನು ಎತ್ತಿಕೊಂಡು ಜಾಗ ಮಾಡಿಕೊಟ್ಟರು.