ಕಂಪನಿಯ ರಿಕವರಿ ಪಾರ್ಟಿಷನ್ ಅಳಿಸಿದರೆ ಲ್ಯಾಪ್‌ಟಾಪ್ ಏಳುತ್ತದೆಯೇ?

ಪ್ರಶ್ನೆ (ದಾವಣಗೆರೆ, ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವರು)

ಅಣ್ಣ, ನನ್ನದು 2019ರಲ್ಲಿ ಕೊಂಡ ಲ್ಯಾಪ್‌ಟಾಪ್. ಎಂಟನೇ ತಲೆಮಾರಿನ ಐ5, 256 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತುಹೋಯಿತಲ್ಲ, ಹಾಗಾಗಿ ಎಲ್ಲ ಅಳಿಸಿ ಪೆನ್‌ಡ್ರೈವಿನಿಂದ ವಿಂಡೋಸ್ 11 ಹಾಕಲು ಕುಳಿತೆ. ಎಲ್ಲಿ ಹಾಕಬೇಕೆಂದು ಕೇಳುವ ಪರದೆ ಬಂದಾಗ ಕೈ ಹಿಂಜರಿಯಿತು. ಎಸ್‌ಎಸ್‌ಡಿ ಒಂದರಲ್ಲೇ ಐದು ತುಂಡುಗಳಿವೆ: 260 ಎಂಬಿ, 16 ಎಂಬಿ, 222 ಜಿಬಿ, 980 ಎಂಬಿ, ಕೊನೆಗೆ 15 ಜಿಬಿ. ಆ 15 ಜಿಬಿ ಕಂಪನಿಯವರ ರಿಕವರಿ ಅಂತೆ, ಅಂದರೆ ಲ್ಯಾಪ್‌ಟಾಪನ್ನು ಕೊಂಡ ದಿನದ ಸ್ಥಿತಿಗೆ ಮರಳಿಸಲು ಇಟ್ಟ ಭಾಗ. ಅದನ್ನು ಮುಟ್ಟಿದರೆ ಲೈಸೆನ್ಸ್ ಹೋಗುತ್ತದೆ, ಲ್ಯಾಪ್‌ಟಾಪ್ ಏಳುವುದೇ ಇಲ್ಲ ಎಂದು ನಮ್ಮ ಮೈದುನ ಹೆದರಿಸುತ್ತಿದ್ದಾನೆ. ನಿಜವೇ?

ಉತ್ತರ (ಲ್ಯಾಪ್‌ಟಾಪ್ ರಿಪೇರಿ ಮಾಡುವವರು, ದಾವಣಗೆರೆ)

ಅಕ್ಕ, ಎರಡೂ ಸುಳ್ಳು. ಲೈಸೆನ್ಸ್ ಕೀಲಿ ಡಿಸ್ಕಿನಲ್ಲಿ ಇರುವುದೇ ಇಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಗಳು ಅದನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದು ಕಳಿಸುತ್ತವೆ. ಅದಕ್ಕೂ ಮೊದಲು ಲ್ಯಾಪ್‌ಟಾಪಿನ ಹೊಟ್ಟೆಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು, ಅದು ಮೂರು ವರ್ಷಕ್ಕೆ ಸವೆದು ಅಕ್ಷರವೇ ಕಾಣುತ್ತಿರಲಿಲ್ಲ. ಈಗ ಡಿಸ್ಕನ್ನೇ ತೆಗೆದು ಬೇರೆ ಹಾಕಿದರೂ ಸೆಟಪ್ ಕೀಲಿಯನ್ನು ತಾನೇ ಓದಿಕೊಳ್ಳುತ್ತದೆ, ಇಂಟರ್ನೆಟ್ ಸಿಕ್ಕೊಡನೆ ಆಕ್ಟಿವೇಟ್ ಆಗುತ್ತದೆ. ಹತ್ತರ ಕೀಲಿಯೇ ಹನ್ನೊಂದಕ್ಕೂ ನಡೆಯುತ್ತದೆ.

ಇನ್ನು ಆ 15 ಜಿಬಿಯ ವಿಚಾರ. ಅದರಲ್ಲಿರುವುದು 2019ರಲ್ಲಿ ಡಬ್ಬಿ ಒಡೆದ ದಿನದ ವಿಂಡೋಸ್ 10, ಜೊತೆಗೆ ಮೂವತ್ತು ದಿನದ ಆ್ಯಂಟಿವೈರಸ್ಸು, ಯಾರೂ ಆಡದ ಆಟಗಳು. ಅದಕ್ಕೆ ಮರಳಿ ಹೋಗುವ ಆಸೆ ನಿಮಗಿದೆಯೇ? ಇನ್ನೊಂದು ಮಾತು: ಎಸ್‌ಎಸ್‌ಡಿ ಸತ್ತರೆ ಈ ರಿಕವರಿಯೂ ಅದರೊಂದಿಗೇ ಸಾಯುತ್ತದೆ. ಬೀಗದ ಕೈಯನ್ನು ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ನಾನಂತೂ ಅಳಿಸುತ್ತೇನೆ. ಲ್ಯಾಪ್‌ಟಾಪ್ ವಾರಂಟಿಯಲ್ಲಿದ್ದರೆ ಮಾತ್ರ 32 ಜಿಬಿ ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ ಎನ್ನುತ್ತೇನೆ. ನಿಮ್ಮದಕ್ಕೆ ಆ ಕಾಲ ದಾಟಿದೆ.

ಪ್ರಶ್ನೆ

ಹಾಗಾದರೆ ಆ 15 ಜಿಬಿ ಒಂದನ್ನೇ ಅಳಿಸಿ ಸಿ ಡ್ರೈವಿಗೆ ಸೇರಿಸಿದರೆ ಆಗದೇ? ಈಗಿನ ವಿಂಡೋಸಿನಲ್ಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ರೈಟ್ ಕ್ಲಿಕ್ ಮಾಡಿದೆ. ‘ಹೆಲ್ಪ್’ ಒಂದನ್ನು ಬಿಟ್ಟು ಬೇರೇನೂ ಬರುವುದಿಲ್ಲ.

ಉತ್ತರ

ಬರುವುದಿಲ್ಲ, ಆ ಭಾಗಕ್ಕೆ ಕಾವಲಿದೆ. ಡಿಸ್ಕ್‌ಪಾರ್ಟ್ ಎಂಬ, ಟೈಪ್ ಮಾಡಿ ಡಿಸ್ಕ್ ಸರಿಪಡಿಸುವ ವಿಂಡೋಸ್ ಸಲಕರಣೆಯ ಅಳಿಸುವ ಆಜ್ಞೆಗೆ ‘ಓವರ್‌ರೈಡ್’ ಸೇರಿಸಿದರೆ ಅಳಿಯುತ್ತದೆ. ಆದರೆ ಜಾಗ ಸಿಕ್ಕರೂ ಸಿ ಡ್ರೈವಿಗೆ ಸೇರುವುದಿಲ್ಲ. ಸಿ ಬೆಳೆಯಬೇಕಾದರೆ ಖಾಲಿ ಜಾಗ ಅದರ ಬಲಮಗ್ಗುಲಿಗೇ ತಾಗಿರಬೇಕು. ನಿಮ್ಮದರಲ್ಲಿ ನಡುವೆ 980 ಎಂಬಿಯದು ಕುಳಿತಿದೆ. ಎರಡು ಹೊಲದ ನಡುವೆ ಬೇರೆಯವರ ಪಟ್ಟಿ ಇದ್ದರೆ ಬದು ಒಡೆದು ಒಂದು ಮಾಡಲಾದೀತೇ?

ಹೇಗೂ ಹೊಸದಾಗಿ ಹಾಕುತ್ತಿದ್ದೀರಿ. ಸೆಟಪ್ ಪರದೆಯಲ್ಲೇ ಎಸ್‌ಎಸ್‌ಡಿಯ ಐದನ್ನೂ ಒಂದೊಂದಾಗಿ ಡಿಲೀಟ್ ಮಾಡಿ. ‘ಅನ್‌ಅಲೊಕೇಟೆಡ್’ ಎಂದು ಸುಮಾರು 238 ಜಿಬಿಯ ಒಂದೇ ಸಾಲು ಉಳಿಯುತ್ತದೆ. (256 ಎಲ್ಲಿ ಹೋಯಿತು ಎಂದು ಕೇಳಬೇಡಿ, ಕಂಪನಿ ಎಣಿಸುವ ಲೆಕ್ಕವೇ ಬೇರೆ, ವಿಂಡೋಸ್ ಎಣಿಸುವ ಲೆಕ್ಕವೇ ಬೇರೆ.) ಆ ಸಾಲನ್ನು ಆರಿಸಿ ನೆಕ್ಸ್ಟ್ ಒತ್ತಿ, ಅಷ್ಟೇ. ನೀವೇ ಪಾರ್ಟಿಷನ್ ಮಾಡಲು ಹೋಗಬೇಡಿ. ಬೂಟ್ ಆಗಲು ಬೇಕಾದ ಸಣ್ಣ ಭಾಗಗಳನ್ನೂ ವಿಂಡೋಸಿನ ಸ್ವಂತ ಚಿಕ್ಕ ರಿಕವರಿಯನ್ನೂ ಅದೇ ಮಾಡಿಕೊಳ್ಳುತ್ತದೆ. ಆ ಚಿಕ್ಕದನ್ನು ಮಾತ್ರ ಆಮೇಲೆ ಅಳಿಸಬೇಡಿ. ವಿಂಡೋಸ್ ಏಳದೆ ಹೋದಾಗ ದುರಸ್ತಿಗೆ ಅದೇ ಬೇಕು. 2024ರ ಜನವರಿಯಲ್ಲಿ ಬಂದ ಒಂದು ಅಪ್‌ಡೇಟ್, ಆ ಭಾಗದಲ್ಲಿ ಜಾಗ ಸಾಲದೆ ಎಷ್ಟೋ ವಿಂಡೋಸ್ 10 ಯಂತ್ರಗಳಲ್ಲಿ ಕೂರಲೇ ಇಲ್ಲ.

ಈಗ ಭಯಪಡಬೇಕಾದ ಸಂಗತಿಗಳಿಗೆ ಬರುತ್ತೇನೆ. ಅದೇ ಪರದೆಯಲ್ಲಿ ನಿಮ್ಮ 1 ಟಿಬಿ ಡಿಸ್ಕೂ ಕಾಣುತ್ತದೆ. ‘ಡ್ರೈವ್ 0’, ‘ಡ್ರೈವ್ 1’ ಎಂಬ ಸಂಖ್ಯೆ ನಂಬಬೇಡಿ, ಹಾರ್ಡ್ ಡಿಸ್ಕೇ ಸೊನ್ನೆಯಾಗಿ ಕೂತಿರುವುದನ್ನು ಬಹಳ ಸಲ ನೋಡಿದ್ದೇನೆ. ಗಾತ್ರ ನೋಡಿ, 931 ಜಿಬಿ ಎಂದಿರುವುದರ ತಂಟೆಗೆ ಹೋಗಬೇಡಿ.

ಟ್ಯಾಲಿ ಇದ್ದೇ ಇರುತ್ತದೆ ನಿಮ್ಮಲ್ಲಿ. ಫಾರ್ಮ್ಯಾಟ್‌ಗೆ ಮೊದಲು ಅದರ ಲೈಸೆನ್ಸನ್ನು ಸರೆಂಡರ್ ಮಾಡಿ (ಈ ಯಂತ್ರದಿಂದ ಬಿಡಿಸಿ), ಡೇಟಾ ಯಾವ ಫೋಲ್ಡರಿನಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿಕೊಂಡು ಬ್ಯಾಕಪ್ ತೆಗೆಯಿರಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ನಕಲು ಮಾಡಿ ಎಲ್ಲ ಆಯಿತು ಎಂದುಕೊಳ್ಳುವವರೇ ಹೆಚ್ಚು. ಹಳೆಯ ಕನ್ನಡ ಪತ್ರಗಳು ‘ನುಡಿ’ ತಂತ್ರಾಂಶದಲ್ಲಿದ್ದರೆ ಆ ಫಾಂಟುಗಳೂ ಪೆನ್‌ಡ್ರೈವಿಗೆ ಬರಲಿ.

ಒಂದು ತಪ್ಪು ನನ್ನದೇ ಇದೆ, ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಅಡಿಕೆ ವ್ಯಾಪಾರಿಯ ಲ್ಯಾಪ್‌ಟಾಪ್ ಬಂತು. ಹಳೆಯ ಮಾದರಿ, ಅದರಲ್ಲಿ ‘ರಿಕವರಿ’ ಎಂಬ ಹೆಸರಿನ ಡ್ರೈವ್ ಮೈ ಕಂಪ್ಯೂಟರಿನಲ್ಲೇ ಕಾಣುತ್ತಿತ್ತು. ನಾನು ಒಳಗೆ ಇಣುಕದೆ ಅಳಿಸಿದೆ. ಸಂಜೆ ಅವರು ಬಂದು, ‘ಮಗಳ ಮದುವೆ ಫೋಟೊಗಳು ರಿಕವರಿಯಲ್ಲಿ ಇದ್ದವಲ್ಲ’ ಎಂದರು. ಹೆಸರು ನೋಡಿ, ಇದರಲ್ಲಿ ಇಟ್ಟದ್ದು ಕಳೆದರೂ ಮರಳಿ ಸಿಗುತ್ತದೆ ಎಂದು ತಿಳಿದು ಅಲ್ಲಿಟ್ಟಿದ್ದರು! ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರಿಂದ ಎರಡು ದಿನ ಕೂತು ಅರ್ಧದಷ್ಟನ್ನು ಎತ್ತಿಕೊಟ್ಟೆ. ಎಸ್‌ಎಸ್‌ಡಿ ಆಗಿದ್ದರೆ ಅದೂ ಸಿಗುವುದು ಅನುಮಾನವಿತ್ತು. ಅಂದಿನಿಂದ ಏನನ್ನೇ ಅಳಿಸಲಿ, ಮೊದಲು ತೆರೆದು ನೋಡುತ್ತೇನೆ, ಗಿರಾಕಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ನಡುವೆ ಒಂದು ಪ್ರಶ್ನೆ (ಚಳ್ಳಕೆರೆಯಿಂದ)

ಸರ್, ನನಗೆ ಪಾರ್ಟಿಷನ್ ಪಟ್ಟಿಯೇ ಬರುತ್ತಿಲ್ಲ. ಪರದೆ ಖಾಲಿ. 2022ರ ಲ್ಯಾಪ್‌ಟಾಪ್. ಎಸ್‌ಎಸ್‌ಡಿ ಸತ್ತಿದೆಯೇ?

ಉತ್ತರ

ಹಳೆಯ ವಿಂಡೋಸ್ ಇನ್ನೂ ಓಡುತ್ತಿದ್ದರೆ ಸತ್ತಿಲ್ಲ. ಇಂಟೆಲ್ ಹನ್ನೊಂದನೇ ತಲೆಮಾರಿನಿಂದೀಚೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ‘ವಿಎಂಡಿ’ ಎಂಬ ನಿಯಂತ್ರಕದ ಹಿಂದೆ ಇರುತ್ತದೆ, ಸೆಟಪ್‌ಗೆ ಅದರ ಡ್ರೈವರ್ ಗೊತ್ತಿರುವುದಿಲ್ಲ. ನಿಮ್ಮ ಮಾದರಿಯ ಸಂಖ್ಯೆ ಹಾಕಿ ಕಂಪನಿಯ ತಾಣದಿಂದ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದರೊಳಗಿನ ಫೈಲುಗಳನ್ನು ಬಿಡಿಸಿ ಪೆನ್‌ಡ್ರೈವಿಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. ಪಟ್ಟಿ ಬರುತ್ತದೆ. ಜೊತೆಗೆ ವೈಫೈ ಡ್ರೈವರನ್ನೂ ಇಳಿಸಿಟ್ಟುಕೊಳ್ಳಿ. ವಿಂಡೋಸ್ 11 ಆರಂಭದಲ್ಲೇ ಇಂಟರ್ನೆಟ್ ಕೇಳುತ್ತದೆ. ಅದೂ ಇಲ್ಲದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿ.

ಪ್ರಶ್ನೆ (ಮಂಡಿಯವರೇ, ಮರುದಿನ)

ಅಣ್ಣ, ಎಲ್ಲ ಬ್ಯಾಕಪ್ ಮಾಡಿ, ಐದನ್ನೂ ಅಳಿಸಿ, ನೆಕ್ಸ್ಟ್ ಒತ್ತಿದೆ. ಫೈಲುಗಳೆಲ್ಲ ನಕಲಾಗಿ ಒಮ್ಮೆ ರೀಸ್ಟಾರ್ಟ್ ಆಯಿತು. ಆದರೆ ಮತ್ತೆ ಭಾಷೆ ಕೇಳುವ ಮೊದಲ ಪರದೆಗೇ ಬಂದು ನಿಂತಿದೆ. ಹೀಗೆ ಎರಡು ಸಲ ಆಯಿತು.

ಉತ್ತರ

ಪೆನ್‌ಡ್ರೈವ್ ಇನ್ನೂ ಸಿಕ್ಕಿಸಿಯೇ ಇಟ್ಟಿದ್ದೀರಿ, ಅದರಿಂದಲೇ ಮತ್ತೆ ಮತ್ತೆ ಬೂಟ್ ಆಗುತ್ತಿದೆ. ಲ್ಯಾಪ್‌ಟಾಪ್ ಆಫ್ ಮಾಡಿ ಅದನ್ನು ಕಿತ್ತುಕೊಂಡು ಆನ್ ಮಾಡಿ ಅಕ್ಕ.

ಪ್ರಶ್ನೆ ಕೇಳಿದವರು

ಕಿತ್ತೆ. ಮುಂದಕ್ಕೆ ಹೋಯಿತು.