ಸಹಾಯ ಬೇಕು: ಅಪ್ಪನ ಹೊಟ್ಟೆ ಕ್ಯಾನ್ಸರ್ ರಿಪೋರ್ಟಲ್ಲಿ ಹರ್‌ಟೂ 2+ ಅಂತಿದೆ, ಮುಂದೇನು?

ಎಲ್ರಿಗೂ ನಮಸ್ಕಾರ, ನಾವು ಮದ್ದೂರು ಹತ್ರದವ್ರು. ಅಪ್ಪಂಗೆ 61 ವರ್ಷ, ಆರು ತಿಂಗ್ಳಿಂದ ಅರ್ಧ ಮುದ್ದೆ ತಿಂದ್ರೆ ಸಾಕು ಹೊಟ್ಟೆ ತುಂಬೋಯ್ತು ಅಂತಿದ್ರು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುಸ್ತಾ ಕಾಲ ಕಳುದ್ಬುಟ್ವಿ, ಅದು ನಮ್ದೇ ತಪ್ಪು. ಮೈಸೂರಲ್ಲಿ ಎಂಡೋಸ್ಕೋಪಿ, ಬಯಾಪ್ಸಿ, ಸಿಟಿ ಎಲ್ಲಾ ಆಯ್ತು, ಅಡಿನೋಕಾರ್ಸಿನೋಮ ಅನ್ನೋ ಥರದ ಕ್ಯಾನ್ಸರ್, ಲಿವರ್‌ಗೂ ಹರಡಿದೆ ಅಂದ್ರು.

ಈಗ ತಲೆ ಕೆಟ್ಟಿರೋದು ಮಾರ್ಕರ್ ರಿಪೋರ್ಟ್ (ಗಡ್ಡೆ ಚೂರಲ್ಲಿ ಯಾವ್ಯಾವ ಪ್ರೋಟೀನ್ ಹೆಂಗಿದೆ ಅಂತ ನೋಡೋದು) ನೋಡಿ. ಇ-ಕ್ಯಾಡ್‌ಹೆರಿನ್ ಕಮ್ಮಿ ಅಂತಿದೆ, ಅದು ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿಡೋ ಪ್ರೋಟೀನ್, ಕಮ್ಮಿಯಾದ್ರೆ ಕೋಶ ಬಿಡಿಸ್ಕೊಂಡು ಹರಡೋದು ಸುಲಭ ಅಂತೆ. ಎಂಎಂಆರ್ ಅಂತ ಡಿಎನ್‌ಎ ತಪ್ಪು ಸರಿಪಡ್ಸೋ ಪ್ರೋಟೀನ್‌ಗಳು ನಾಲ್ಕೂ ಸರಿ ಇವೆ. ಹರ್‌ಟೂ (ಕೋಶ ಬೆಳೆಯೋಕೆ ಸಿಗ್ನಲ್ ಕೊಡೋ ಪ್ರೋಟೀನ್) ಮಾತ್ರ 2+. 0, 1+ ಆದ್ರೆ ನೆಗೆಟಿವ್, 3+ ಆದ್ರೆ ಪಾಸಿಟಿವ್, 2+ ಅಂದ್ರೆ ಎತ್ಲಾಗೂ ಇಲ್ಲ, ಫಿಶ್ ಟೆಸ್ಟ್ (ಹರ್‌ಟೂ ಜೀನ್ ಜಾಸ್ತಿಯಾಗಿದ್ಯಾ ಅಂತ ನೋಡೋದು) ಮಾಡ್ಸಿ, ಅದ್ರಲ್ಲಿ ಪಾಸಿಟಿವ್ ಬಂದ್ರೆ ಕೀಮೋ ಜೊತೆ ಹರ್‌ಟೂನ ತಡೆಯೋ ಟ್ರಾಸ್ಟುಜುಮ್ಯಾಬ್ ಔಷಧಿ ಕೊಡ್ಬೋದು ಅಂದ್ರು ಡಾಕ್ಟ್ರು. (ಫಿಶ್ ಅಂದಿದ್ದಕ್ಕೆ ನಮ್ಮವ್ವ ಮೀನು ತಿನ್ನುಸ್ಬೇಕಾ ಅಂದ್ಲು, ಆ ಕಷ್ಟದಲ್ಲೂ ನಗು ಬಂತು.)

ಒಂದು ಲ್ಯಾಬ್‌ಗೆ ಫೋನ್ ಮಾಡಿದ್ರೆ ಹಳೇ ಬಯಾಪ್ಸಿ ಬ್ಲಾಕ್ (ತೆಗ್ದ ಚೂರನ್ನ ಮೇಣದಲ್ಲಿ ಕೂರ್ಸಿಟ್ಟಿರೋದು) ತನ್ನಿ ಸಾಕು ಅಂತಾರೆ, ಇನ್ನೊಂದು ಕಡೆ ಆ ಚೂರು ಸಾಲಲ್ಲ, ಮತ್ತೆ ಎಂಡೋಸ್ಕೋಪಿ ಮಾಡ್ಸಿ ಅಂತಾರೆ. ಅಪ್ಪ ಇನ್ನೊಂದ್ಸಲ ಆ ಪೈಪ್ ಇಳಿಸ್ಕೊಳಲ್ಲ ಅಂತ ಹಠ ಹಿಡ್ದವ್ರೆ. ಡಾಕ್ಟ್ರು ಸಿಗೋದು ಸೋಮ್ವಾರನೇ.

ನಿಮ್ಮನೇಲಿ ಯಾರ್ಗಾದ್ರೂ 2+ ಬಂದು ಫಿಶ್ ಮಾಡ್ಸಿದ್ರೆ ದಯವಿಟ್ಟು ಹೇಳಿ: ಹಳೇ ಬ್ಲಾಕಲ್ಲೇ ಆಯ್ತಾ? ರಿಸಲ್ಟ್ ಬರೋವರ್ಗೂ ಕೀಮೋ ಕಾಯ್ಸಿದ್ರಾ, ಇಲ್ಲಾ ಶುರು ಮಾಡೇಬಿಟ್ರಾ?