ಒಂದೇ ಚೀಲದ ಮೆಕ್ಕೆಜೋಳ, ಟೆಸ್ಟ್‌ನಲ್ಲಿ ಎರಡು ಉತ್ತರ

ಕಾಳುಚೀಲ:
ಕೋಳಿ ಮತ್ತು ಹಸುವಿಗೆಂದು ಮೆಕ್ಕೆಜೋಳ ಕೂಡಿಟ್ಟಿದ್ದೆ. ಒಂದು ಚೀಲ ಬಿಚ್ಚಿದರೆ ಮುಗ್ಗುಲು ವಾಸನೆ, ತಳದ ಕಾಳಿಗೆ ಹಸಿರು ಬೂಷ್ಟು. ಅದನ್ನು ಆರಿಸಿ ಎಸೆದು, ಉಳಿದದ್ದನ್ನು ಮೂರು ದಿನ ಒಣಗಿಸಿದೆ. ವಾಸನೆ ಹೋಯಿತು. ಒಂದು ಹಿಡಿ ಪುಡಿ ಮಾಡಿ, ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹಿಡಿಯುವ ಸ್ಟ್ರಿಪ್ ಹಾಕಿದಾಗ 20 ಪಿಪಿಬಿಗಿಂತ (ನೂರು ಕೋಟಿ ಪಾಲಿನಲ್ಲಿ 20 ಪಾಲು) ಕಡಿಮೆ ಬಂತು. ಇನ್ನೊಂದು ಹಿಡಿಯಲ್ಲಿ ಜಾಸ್ತಿ! ಕಿಟ್ ಕೆಟ್ಟಿದೆಯಾ? ಬೇಯಿಸಿ ಹಾಕಿದರೆ ಆಗುತ್ತಾ?

ತೆನೆಗಾವಲು:
ಕಿಟ್ ಸರಿಯಾಗಿಯೇ ಇರಬಹುದು. ಈ ವಿಷ ಚೀಲದ ತುಂಬಾ ಸಮನಾಗಿ ಇರುವುದಿಲ್ಲ. ಸಾವಿರ ಕಾಳಿನಲ್ಲಿ ಒಂದೆರಡು ಕಾಳು ವಿಷ ತುಂಬಿಕೊಂಡಿರುತ್ತವೆ, ಉಳಿದವು ಚೊಕ್ಕವಾಗಿರುತ್ತವೆ. ಆ ಒಂದು ಕಾಳು ನಿಮ್ಮ ಮೊದಲ ಹಿಡಿಗೆ ಸಿಗಲಿಲ್ಲ, ಎರಡನೆಯದಕ್ಕೆ ಸಿಕ್ಕಿತು, ಅಷ್ಟೆ. ಚೀಲದ ಮೇಲೆ, ನಡುವೆ, ತಳದಲ್ಲಿ ಹತ್ತು ಕಡೆಯಿಂದ ಕಾಳು ತೆಗೆಯಿರಿ. ಎಲ್ಲವನ್ನೂ ಸೇರಿಸಿ ನುಣ್ಣಗೆ ಬೀಸಿ, ಚೆನ್ನಾಗಿ ಕಲಸಿ, ಆಮೇಲೆ ಟೆಸ್ಟ್ ಮಾಡಿ.

ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ನೀರು ಕುದಿಯುವ ಬಿಸಿ ಅದಕ್ಕೆ ಏನೇನೂ ಸಾಲದು. ಒಣಗಿಸಿದ್ದರಿಂದ ಹೊಸ ಬೂಷ್ಟು ಬೆಳೆಯುವುದು ನಿಂತಿರುತ್ತದೆ, ಆಗಲೇ ಆದ ವಿಷ ಅಲ್ಲೇ ಇರುತ್ತದೆ.

ದಯವಿಟ್ಟು ಹಸುವಿಗೆ ಹಾಕಲೇಬೇಡಿ. ತಿಂದ ಒಂದು ದಿನದೊಳಗೆ ಆ ವಿಷ ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ಆ ಹಾಲು ಮಕ್ಕಳು ಕುಡಿಯುತ್ತಾರೆ ಅಲ್ವಾ? ಹಕ್ಕಿಗಳ ವಿಷಯದಲ್ಲೂ ಸುಮ್ನೆ ಬಿಡುವ ಹಾಗಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾಗಿದ್ದು. ಆಗ ಅದು ಕಡಲೆಕಾಯಿ ಹಿಂಡಿಯಲ್ಲಿತ್ತು.

ಕಾಳುಚೀಲ:
ಹತ್ತು ಕಡೆಯಿಂದ ತೆಗೆದು ಬೀಸಿ ನೋಡಿದೆ, 20ಕ್ಕಿಂತ ಜಾಸ್ತಿಯೇ ಇದೆ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಹೊಳೆಯುವ ಕಾಳು ಆರಿಸಿ ತೆಗೆದರೆ? ಒಳ್ಳೆಯ ಕಾಳಿನ ಜೊತೆ ಬೆರೆಸಿದರೆ?

ತೆನೆಗಾವಲು:
ಟಾರ್ಚ್ ನಂಬಬೇಡಿ. ಆ ಹಸಿರು-ಹಳದಿ ಹೊಳಪು ಬೂಷ್ಟು ಬಿಡುವ ಕೋಜಿಕ್ ಆಮ್ಲದಿಂದ ಬರುವುದು, ಅಫ್ಲಾಟಾಕ್ಸಿನ್ನಿನದಲ್ಲ. ಹೊಳೆಯದ ಕಾಳಲ್ಲೂ ವಿಷ ಇರಬಹುದು. ಬೆರೆಸುವುದೂ ಬೇಡ, ಒಳ್ಳೆಯದೂ ಕೆಡುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಪ್ರಾಣಿಗಳು ಕೆದಕದಷ್ಟು ಆಳವಾಗಿ ಹೂತುಬಿಡಿ. ನಷ್ಟ ಅಂತ ಗೊತ್ತು, ಬೇಜಾರೂ ಆಗುತ್ತದೆ.

ಇನ್ನೊಂದು ಮಾತು. ನಿಮ್ಮ ಸ್ಟ್ರಿಪ್ ಅಫ್ಲಾಟಾಕ್ಸಿನ್ ಮಾತ್ರ ಹಿಡಿಯುತ್ತದೆ. ಬಿಳಿ ಅಥವಾ ಗುಲಾಬಿ ಬೂಷ್ಟು ಕಂಡರೆ ಅದು ಫ್ಯುಸೇರಿಯಂ ಎಂಬ ಬೇರೆ ಜಾತಿಯ ಬೂಷ್ಟು ಇರಬಹುದು. ಅದು ಬಿಡುವ ಫ್ಯುಮೋನಿಸಿನ್ ಎಂಬ ವಿಷ ಕುದುರೆ, ಹಂದಿಗಳಿಗೆ ಬಹಳ ಕೆಟ್ಟದ್ದು. ಅದಕ್ಕೆ ಬೇರೆ ಟೆಸ್ಟ್ ಬೇಕು.

ಉಳಿದ ಚೀಲಗಳ ತೇವ ನೋಡಿದಿರಾ? ಒಣಗಿದ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು, ಜೊತೆಗೆ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ. ಮುಚ್ಚಿ, ಕೆಲವು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಜಾಸ್ತಿ. ಕೂಡಿಡಲು ಶೇ. 13ರ ಹತ್ತಿರ ಇರಬೇಕು.

ಕಾಳುಚೀಲ:
ಎರಡು ಚೀಲದ ಕಾಳಿಗೆ ಉಪ್ಪು ಅಂಟಿತು. ಈಗಲೇ ಹರವಿ ಒಣಗಲು ಹಾಕಿದ್ದೇನೆ. ಒಣಗಿದ ಮೇಲೆ ಅವನ್ನೂ ಹತ್ತು ಕಡೆಯಿಂದ ತೆಗೆದು ಟೆಸ್ಟ್ ಮಾಡುತ್ತೇನೆ. ಹಾಳಾದ ಚೀಲ ಹೂತಾಯಿತು.